ನಾಲ್ಕನೇ ಪುಟಕ್ಕೆ ನಾಯಕಿಯ ಮುಖವೇ ಬೇರೆ: ಕಾಮಿಕ್ಸ್ ಪಾತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಕಾಮಿಕ್ಸ್ ಮಾಡಲು ಹೊರಟವರಿಂದ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಒಂದೇ ಸಲ ಉತ್ತರ ಕೊಟ್ಟುಬಿಡುತ್ತೇನೆ. ಕಣ್ಣು, ಮೂಗು ಬಿಡಿಸುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಅದು ದಿನಾ ಬಿಡಿಸಿ ಬಿಡಿಸಿ ಬರಬೇಕಾದ್ದು.

ಪ್ರಶ್ನೆ: ಪಾತ್ರ ವಿನ್ಯಾಸಕ್ಕೆ ಯಾವ ಟ್ಯಾಬ್ಲೆಟ್ ಕೊಳ್ಳಲಿ?

ಪೆನ್ಸಿಲ್, ರಬ್ಬರ್, 200 ಪುಟದ ನೋಟ್‌ಬುಕ್ ಸಾಕು. ನೋಟ್‌ಬುಕ್ ತುಂಬಿದ ಮೇಲೆ ಈ ಪ್ರಶ್ನೆ ಕೇಳಿ.

ಪ್ರಶ್ನೆ: ನನ್ನ 24 ಪುಟದ ಕಥೆಯ ನಾಯಕಿ ಬಸ್ ಕಂಡಕ್ಟರ್. ಮೊದಲ ಚಿತ್ರ ಎಲ್ಲರಿಗೂ ಇಷ್ಟವಾಯಿತು. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಅವಳು ಬೇರೆ ಯಾರೋ ಆಗಿಬಿಟ್ಟಿದ್ದಾಳೆ. ಎಲ್ಲಿ ತಪ್ಪಿದೆ?

ನೀವು ಕಳಿಸಿದ ಚಿತ್ರ ನೋಡಿದೆ. ಮುಖ ಅರ್ಧ ತಿರುಗಿದೆ. ಕೂದಲಿನ ಒಂದೊಂದು ಎಳೆಯೂ ಇದೆ. ಕಿವಿಯಲ್ಲಿ ಜುಮುಕಿ, ಕೆನ್ನೆಯ ಮೇಲೆ ನೆರಳು. ಚಿತ್ರವಾಗಿ ಚೆನ್ನಾಗಿಯೇ ಇದೆ. ಆದರೆ ಅವಳು ಬಗ್ಗಿದಾಗ, ಕೂಗಿದಾಗ, ಬೆನ್ನು ತಿರುಗಿಸಿ ಟಿಕೆಟ್ ಕೊಟ್ಟಾಗ ಹೇಗಿರುತ್ತಾಳೆ ಅಂತ ನಿಮಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಪುಟದ ಪ್ರತಿ ಚಿತ್ರಚೌಕದಲ್ಲೂ, ಅಂದರೆ ಪ್ಯಾನೆಲ್‌ನಲ್ಲೂ ಹೊಸದಾಗಿ ಊಹಿಸುತ್ತಿದ್ದೀರಿ. ಮುಖ ಬದಲಾಗುವುದು ಅದಕ್ಕೇ.

ಸ್ವಲ್ಪ ಲೆಕ್ಕ ಹಾಕಿ. ಪುಸ್ತಕ ಎ5 ಅಳತೆಯದು ಅಂದುಕೊಳ್ಳಿ, ಎತ್ತರ 21 ಸೆಂ.ಮೀ. ಪುಟಕ್ಕೆ ಮೂರು ಸಾಲು ಪ್ಯಾನೆಲ್. ಅಂಚು ಮತ್ತು ಮಾತಿನ ಗುಳ್ಳೆಗೆ ಜಾಗ ಬಿಟ್ಟರೆ ನಿಂತ ಆಕೃತಿಗೆ ಉಳಿಯುವುದು ಹೆಚ್ಚೆಂದರೆ 5 ಸೆಂ.ಮೀ. ಮೈಯ ಎತ್ತರ ತಲೆಯ ಏಳರಷ್ಟು ಇದ್ದರೆ, ತಲೆಗೆ ಸಿಗುವುದು 7 ಮಿ.ಮೀ. ಅಷ್ಟರಲ್ಲಿ ಜುಮುಕಿಯ ಕೆತ್ತನೆ ಯಾರಿಗೆ ಕಾಣುತ್ತದೆ? ಪುಟಕ್ಕೆ ಆರರಂತೆ 24 ಪುಟಕ್ಕೆ 144 ಪ್ಯಾನೆಲ್. ಅರ್ಧದಲ್ಲಿ ಅವಳಿದ್ದರೂ 72 ಸಲ ಆ ಜುಮುಕಿ ಬಿಡಿಸಬೇಕು. ಕೈ ಸೋಲುತ್ತದೆ. ತೆಗೆದುಹಾಕಿ.

ಓದುಗರು ಪಾತ್ರವನ್ನು ಗುರುತು ಹಿಡಿಯುವುದು ಮೈಕಟ್ಟಿನಿಂದ, ನಿಲ್ಲುವ ರೀತಿಯಿಂದ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು ನೆನಪಿಸಿಕೊಳ್ಳಿ. ಚೌಕಳಿ ಕೋಟು, ಪಂಚೆ, ಕನ್ನಡಕ, ಬೋಳು ತಲೆಯ ಹಿಂದೆ ಕೆದರಿದ ಕೂದಲು. ಆತ ಮಾತೇ ಆಡುವುದಿಲ್ಲ. ಗುಂಪಿನ ಮೂಲೆಯಲ್ಲಿ ನಿಂತಿದ್ದರೂ ತಕ್ಷಣ ಗೊತ್ತಾಗುತ್ತದೆ.

ಕಂಡಕ್ಟರ್‌ಗಳಿಗೆಲ್ಲ ಒಂದೇ ಸಮವಸ್ತ್ರ. ಹಾಗಾಗಿ ಬಟ್ಟೆ ನಿಮಗೆ ನೆರವಾಗದು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ನೋಡಿ. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡವರಿದ್ದಾರೆ. ತಿರುವಿನಲ್ಲಿ ಸೊಂಟವನ್ನು ಕಂಬಿಗೆ ಒತ್ತಿ ನಿಂತು ಎರಡೂ ಕೈ ಬಿಡುವಾಗಿಟ್ಟುಕೊಳ್ಳುವವರಿದ್ದಾರೆ. ಚಿಲ್ಲರೆ ಕೇಳಿದರೆ ಬ್ಯಾಗನ್ನು ಎದೆಗೆ ಎಳೆದುಕೊಳ್ಳುವವರೂ ಇದ್ದಾರೆ. ನಿಮ್ಮ ನಾಯಕಿ ಇವರಲ್ಲಿ ಯಾರು? ಅವಳಿಗೆ ಏನು ಬೇಕು? ಏನು ಕೈತಪ್ಪಿ ಹೋದೀತು ಅಂತ ಭಯ? ಇದು ತಿಳಿದರೆ ಅವಳು ಬ್ಯಾಗು ಹಿಡಿಯುವ ರೀತಿ ತಾನಾಗಿ ಸಿಗುತ್ತದೆ.

ಅವಳೊಬ್ಬಳನ್ನೇ ಬಿಡಿಸಬೇಡಿ. ಡ್ರೈವರ್, ಚೆಕಿಂಗ್‌ನವರು, ದಿನಾ ಹತ್ತುವ ಅಜ್ಜಿ, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಪೂರ್ತಿ ಕಪ್ಪು ತುಂಬಿ. ಯಾರು ಯಾರೆಂದು ಮನೆಯವರು ಹೇಳಲಾರದಿದ್ದರೆ ಮತ್ತೆ ಶುರು ಮಾಡಿ. 1959ರಲ್ಲಿ ಫ್ರಾನ್ಸಿನಲ್ಲಿ ಆಸ್ಟರಿಕ್ಸ್ ಎಂಬ ಕಾಮಿಕ್ಸ್ ನಾಯಕ ಹುಟ್ಟಿದಾಗ ಚಿತ್ರಕಾರ ಉದೆರ್ಜೊ ಮೊದಲು ಯೋಚಿಸಿದ್ದು ಕಟ್ಟುಮಸ್ತಾದ ದೊಡ್ಡ ವೀರನನ್ನು. ಕಥೆಗಾರ ಗೊಸಿನಿಗೆ ಕುಳ್ಳಗಿನ, ಚುರುಕು ಬುದ್ಧಿಯವನು ಬೇಕಿತ್ತು. ಉದೆರ್ಜೊ ಕುಳ್ಳನನ್ನೇ ಮಾಡಿದರು, ಜೊತೆಗೆ ಭಾರೀ ದೇಹದ ಒಬೆಲಿಕ್ಸ್‌ನನ್ನೂ ತಂದರು. ಇಬ್ಬರನ್ನೂ ಪಕ್ಕಪಕ್ಕದಲ್ಲಿ ನೋಡಿದಾಗಲೇ ಇಬ್ಬರೂ ಎದ್ದು ಕಾಣುವುದು.

ಆಮೇಲೆ ಮಾಡೆಲ್ ಶೀಟ್, ಅಂದರೆ ಪಾತ್ರವನ್ನು ಎಲ್ಲ ಕಡೆಯಿಂದ ಬಿಡಿಸಿಟ್ಟ ಹಾಳೆ. ಎದುರು, ಪಕ್ಕ, ಹಿಂದೆ, ಅರ್ಧ ತಿರುವು. ಅವಳು ಡ್ರೈವರ್‌ನ ಹೆಗಲಿಗೆ ಬರುತ್ತಾಳಾ, ಕಿವಿಗಾ? ಬೈತಲೆ ಯಾವ ಕಡೆ? ಬ್ಯಾಗು ಯಾವ ಹೆಗಲಿಗೆ? ಬರೆದಿಡಿ, ಜಾಸ್ತಿ ಜನ ಎಡವುವುದು ಇಲ್ಲೇ. ಸುಮ್ನೆ ನಗುವ ಮುಖ ಸಾಲದು. ಆಕಳಿಸುವ, ಕಿರುಚುವ, ಬಾಯಿ ತುಂಬ ಇಡ್ಲಿ ಇಟ್ಟುಕೊಂಡ ಮುಖಗಳೂ ಬೇಕು. ಹಾಳೆಯನ್ನು ಕಣ್ಣೆದುರು ಅಂಟಿಸಿಕೊಳ್ಳಿ. ಮೊದಲ ಪುಟದಿಂದ ಆರಂಭಿಸಬೇಡಿ. ಬಸ್ಸು ಕಿಕ್ಕಿರಿದಿರುವ ಪುಟ ಒಂದಿರುತ್ತದೆ ಅಲ್ವಾ, ಅದನ್ನು ಮೊದಲು ಪೆನ್ಸಿಲ್‌ನಲ್ಲಿ ಬಿಡಿಸಿ. ಅಲ್ಲಿ ತಿಣುಕಾಡಿದರೆ ವಿನ್ಯಾಸ ಬದಲಿಸಿ. ಹಾಳಾಗುವುದು ಒಂದೇ ಪುಟ.

ಪ್ರಶ್ನೆ: ಒಳ್ಳೆಯವರಿಗೆ ದುಂಡು ಮುಖ, ಕೆಟ್ಟವರಿಗೆ ತ್ರಿಕೋನ ಮುಖ ಅಂತ ಕೋರ್ಸ್‌ನಲ್ಲಿ ಕಲಿಸಿದರು. ಸರಿಯಾ?

ಇದನ್ನೇ ಸೂತ್ರ ಅಂತ ದುಡ್ಡಿಗೆ ಮಾರುವವರ ಮೇಲೆ ನನಗೆ ಕೋಪವಿದೆ. ಮೊನಚು ಆಕಾರ ಬೇಗ ಕಣ್ಣು ಸೆಳೆಯುತ್ತದೆ, ನಿಜ. ಆದರೆ ಈ ಸೂತ್ರ ಹಿಡಿದು ಹೊರಟರೆ ಕಳ್ಳ ಯಾರು ಅಂತ ಮೊದಲ ಪ್ಯಾನೆಲ್‌ನಲ್ಲೇ ಗೊತ್ತಾಗುತ್ತದೆ. ಉಳಿದ ಪುಟ ಯಾಕೆ ಓದಬೇಕು?

ಪ್ರಶ್ನೆ: ಖಳನಿಗೆ ಕಪ್ಪು ಮೈಬಣ್ಣ ಕೊಟ್ಟರೆ ಬೇಗ ಅರ್ಥವಾಗುತ್ತದೆ ಅಲ್ವಾ?

ಕೊಡಬೇಡಿ. ದೇವತೆಗಳು ಬೆಳ್ಳಗೆ, ರಾಕ್ಷಸರು ಕಪ್ಪಗೆ ಅಂತ ನಮ್ಮ ಚಿತ್ರಕಥೆಗಳು ಎಷ್ಟೋ ವರ್ಷ ತೋರಿಸಿವೆ. ಕಪ್ಪಗಿರುವ ಮಗುವೊಂದು ಅದನ್ನು ಓದಿದರೆ ತಾನು ಯಾರ ಕಡೆಯವಳು ಅಂದುಕೊಳ್ಳಬೇಕು? ಕ್ರೌರ್ಯ ಕಣ್ಣಲ್ಲಿ, ಕೈಯಲ್ಲಿ ಕಾಣಲಿ. ಅದನ್ನು ಬಿಡಿಸಲು ಬರದಿದ್ದರೆ ಅಭ್ಯಾಸ ಮಾಡಿ.

ಪ್ರಶ್ನೆ: ಯಾರಾದರೂ ನನ್ನ ಪಾತ್ರ ಕದ್ದರೆ?

1957ರ ಕಾಪಿರೈಟ್ ಕಾಯ್ದೆಯಡಿ ಚಿತ್ರ ಬಿಡಿಸಿದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಬರೀ ಐಡಿಯಾಗೆ ಮಾತ್ರ ಹಕ್ಕಿಲ್ಲ. ಕಳ್ಳರಿಗಿಂತ ಒಪ್ಪಂದಕ್ಕೆ ಹೆದರಿ. ಸೂಪರ್‌ಮ್ಯಾನ್ ಸೃಷ್ಟಿಸಿದ ಸೀಗೆಲ್ ಮತ್ತು ಶಸ್ಟರ್ 1938ರಲ್ಲಿ ಆ ಪಾತ್ರದ ಹಕ್ಕನ್ನು 130 ಡಾಲರ್‌ಗೆ ಬರೆದುಕೊಟ್ಟರು. ಮುಂದೆ ದಶಕಗಳ ಕಾಲ ಅದಕ್ಕಾಗಿ ಹೋರಾಡಿದರು. ಪಾತ್ರ ಯಾರದ್ದು ಅನ್ನುವ ಸಾಲು ಓದದೆ ಸಹಿ ಹಾಕಬೇಡಿ.

ಪ್ರಶ್ನೆ: ಬಣ್ಣ ಹೇಗೆ ಆರಿಸಲಿ?

ಅಚ್ಚು ಹಾಕುವವರನ್ನು ಕೇಳಿ. ಅಮೆರಿಕದ ಕಾಮಿಕ್ಸ್‌ನ ದೈತ್ಯ ಹಲ್ಕ್ 1962ರ ತನ್ನ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನಾಗಿದ್ದ. ಅಚ್ಚಿನಲ್ಲಿ ಆ ಬೂದು ಪುಟದಿಂದ ಪುಟಕ್ಕೆ ಬೇರೆ ಬೇರೆ ಥರ ಬಂತು. ಎರಡನೇ ಸಂಚಿಕೆಯಿಂದ ಹಸಿರು ಮಾಡಿದರು. ಫೋನಿನಲ್ಲಿ ಹೊಳೆಯುವ ನೀಲಿ, ಕಿತ್ತಳೆ ಬಣ್ಣಗಳು ಕಾಗದದ ಮೇಲೆ ಮಂಕಾಗುತ್ತವೆ. ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಒಂದು ಪುಟ ಅಚ್ಚು ಹಾಕಿಸಿ ನೋಡಿ, ಆಮೇಲೆ ಬಣ್ಣ ಖಾಯಂ ಮಾಡಿ.