ಬೆಳಕಿನ ವೇಗದ ಕತೆಗೆ ಅಡಿಕೆ ಕೊಯ್ಲಿನ ಲೆಕ್ಕ

ನಮಸ್ಕಾರ,

ನಿಮ್ಮ ಕತೆ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಒಂದು ಸಾಲು ಬರೆದು ವಾಪಸ್ ಕಳಿಸುವಂಥ ಕತೆಯೂ ಇದಲ್ಲ. ಅದಕ್ಕೇ ಸ್ವಲ್ಪ ಉದ್ದದ ಪತ್ರ.

ತೀರ್ಥಹಳ್ಳಿ ಕಡೆಯ ತೋಟದ ಮನೆ ಹುಡುಗ. ಯುಗಾದಿ ಮುಗಿಸಿ, ಬೆಳಕಿನ ಶೇಕಡಾ 90ರಷ್ಟು ವೇಗದ ನೌಕೆ ಹತ್ತಿ, 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ನಕ್ಷತ್ರಕ್ಕೆ ಹೋಗಿಬರುತ್ತಾನೆ. ಕಿಟಕಿಯಾಚೆ ನಕ್ಷತ್ರಗಳು ಗೆರೆ ಗೆರೆಯಾಗಿ ಹಿಂದೆ ಓಡುತ್ತವೆ. ಟಾರ್ಚ್ ಹಾಕಿದರೆ ಬೆಳಕು ತೆವಳುತ್ತದೆ. ಭಾನುವಾರ ಬಂದರೆ ಅಮ್ಮನ ಜೊತೆ ಫೋನು. ವಾಪಸ್ ಬರುವಷ್ಟರಲ್ಲಿ ಅರವತ್ತು ವರ್ಷ ಕಳೆದು ಅಮ್ಮ ತೀರಿಕೊಂಡಿರುತ್ತಾಳೆ. ಇಷ್ಟೇ ಅಲ್ವಾ ಕತೆ?

ಮೊದಲ ಎರಡು ಪುಟ ತೆಗೆದುಬಿಡಿ. ಹಸಿರು ಸೀರೆ ಉಟ್ಟ ಮಲೆನಾಡು, ಮಂಜಿನ ಸೆರಗು, ಎಲ್ಲ ಹೋಗಲಿ. ನಮ್ಮ ಜಿಲ್ಲೆಯಿಂದ ಬರುವ ಕತೆಗಳಲ್ಲಿ ಆ ಸೀರೆ ಉಡಿಸದವರೇ ಕಡಿಮೆ. ನಿಮ್ಮ ಕತೆ ನಿಜಕ್ಕೂ ಶುರುವಾಗುವುದು ಅಮ್ಮ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ, ಕೈ ನಿಲ್ಲಿಸದೆ, ತಲೆ ಎತ್ತದೆ, "ಅಲ್ಲಿ ಊಟಕ್ಕೆ ಏನು ಕೊಡ್ತಾರೆ?" ಎಂದು ಕೇಳುವಲ್ಲಿ. ಅದು ನೋಡಿ ಬರೆದದ್ದು. ಬಾಹ್ಯಾಕಾಶದ ಭಾಗ ಮಾತ್ರ ಸಿನಿಮಾ ನೋಡಿ ಬರೆದ ಹಾಗಿದೆ. ನನ್ನ ದೂರು ಅಲ್ಲೇ.

ಗೆರೆಗಳ ವಿಷಯ ತಗೊಳ್ಳಿ. ನಿಮ್ಮ ನೌಕೆಗೆ ಹತ್ತಿರದ ನಕ್ಷತ್ರ ಮುಟ್ಟಲು ನೌಕೆಯ ಗಡಿಯಾರದಲ್ಲೇ ಎರಡು ವರ್ಷ ಬೇಕು. (ಅಷ್ಟು ವೇಗದಲ್ಲಿ ಹೋಗುವವರ ಗಡಿಯಾರ ಊರಿನ ಗಡಿಯಾರಕ್ಕಿಂತ ನಿಧಾನ.) ಹಾಗಿದ್ದ ಮೇಲೆ ಸರಸರ ಹಿಂದೆ ಓಡಲು ನಕ್ಷತ್ರ ಎಲ್ಲಿಂದ ಬರಬೇಕು? ಅಲ್ಲಿ ಆಗುವುದೇ ಬೇರೆ. ಆಗುಂಬೆ ರಸ್ತೆಯಲ್ಲಿ ಬೈಕ್ ಓಡಿಸಿದ್ದೀರಿ ತಾನೆ? ನೆಟ್ಟಗೆ ಸುರಿಯುವ ಮಳೆಯೂ ಮುಖಕ್ಕೇ ಹೊಡೆಯುತ್ತದೆ. ಬೆಳಕೂ ಹಾಗೇ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತದೆ. ಅಷ್ಟಕ್ಕೇ ನಕ್ಷತ್ರಗಳು ಜಾಗ ಬಿಟ್ಟು ಕೂದಲೆಳೆಯಷ್ಟು ವಾಲುವುದನ್ನು 1720ರ ದಶಕದಲ್ಲೇ ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಜೇಮ್ಸ್ ಬ್ರಾಡ್ಲಿ ಅಳೆದಿದ್ದರು. ನಿಮ್ಮ ಹುಡುಗನ ವೇಗದಲ್ಲಿ ಅದು ಕೂದಲೆಳೆಯ ಮಾತಲ್ಲ. ಸರಿಯಾಗಿ ಪಕ್ಕಕ್ಕೆ ಇರಬೇಕಾದ ನಕ್ಷತ್ರ, ನೇರ ಮುಂದಿನಿಂದ ಬರೀ 26 ಡಿಗ್ರಿ ಆಚೆ ಕಾಣುತ್ತದೆ. ಅಂದರೆ ಅರ್ಧ ಆಕಾಶವೇ ಮುಂದಿನ ಒಂದು ವೃತ್ತದೊಳಗೆ ಬಂದು ಕಿಕ್ಕಿರಿಯುತ್ತದೆ.

ಬಣ್ಣವೂ ಬದಲಾಗುತ್ತದೆ. ಮುಂದಿನಿಂದ ಬರುವ ಬೆಳಕಿನ ಅಲೆಗಳು 4.36 ಪಟ್ಟು ಒತ್ತೊತ್ತಾಗುತ್ತವೆ, ಹಿಂದಿನಿಂದ ಬರುವವು ಅಷ್ಟೇ ಪಟ್ಟು ಎಳೆದಂತಾಗುತ್ತವೆ. ಒತ್ತಿದ ಬೆಳಕು ನೀಲಿಯ ಕಡೆಗೆ, ಎಳೆದದ್ದು ಕೆಂಪಿನ ಕಡೆಗೆ ವಾಲುತ್ತದೆ. ಪ್ರಾಕ್ಸಿಮಾ ಒಂದು ಕೆಂಪು ಕುಬ್ಜ ನಕ್ಷತ್ರ. ನೀವು "ಕೆಂಪು ಚುಕ್ಕಿ ದೊಡ್ಡದಾಗುತ್ತಾ ಬಂತು" ಎಂದು ಬರೆದಿದ್ದೀರಿ. ಅವನಿಗೆ ಅದು ದಾರಿಯುದ್ದಕ್ಕೂ ನೀಲಿ ಬಿಳುಪಾಗಿ ಕಾಣಬೇಕು. ನೌಕೆ ನಿಂತಾಗಲೇ ಕೆಂಪು! ಹಿಂದೆ ಉಳಿದ ನಮ್ಮ ಸೂರ್ಯ ಕೆಂಡದ ಬಣ್ಣಕ್ಕೆ ತಿರುಗಿ, ಬೇಗ ಬರಿಗಣ್ಣಿಗೆ ಸಿಗದಂತಾಗುತ್ತಾನೆ. ಮನೆ ಬಿಟ್ಟು ಹೊರಟವನ ಕತೆಗೆ ಇದಕ್ಕಿಂತ ಏನು ಬೇಕು? ನೀವು ಇದನ್ನು ಕೈಬಿಟ್ಟು ಗೆರೆ ಎಳೆದಿದ್ದೀರಿ.

ಟಾರ್ಚ್ ವಿಷಯ ಬೇಗ ಮುಗಿಸುತ್ತೇನೆ. ನೌಕೆಯೊಳಗಿನ ಟಾರ್ಚಿನ ಬೆಳಕು ಅವನಿಗೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲೇ ಓಡುತ್ತದೆ, ಮನೆಯಲ್ಲಿ ಇದ್ದಂತೆಯೇ. ಬೆಳಕನ್ನು ಬೆನ್ನಟ್ಟಿದರೆ ಏನು ಕಾಣುತ್ತದೆ ಎಂಬ ಪ್ರಶ್ನೆ ಐನ್‌ಸ್ಟೈನ್‌ಗೆ ಹದಿನಾರನೇ ವಯಸ್ಸಿನಲ್ಲೇ ಹೊಳೆದಿತ್ತು. 1905ರಲ್ಲಿ ಅವರು ಕೊಟ್ಟ ಉತ್ತರದ ಬುನಾದಿಯೇ ಇದು. ಆ ಪ್ಯಾರಾ ಹೊಡೆದುಹಾಕಿ.

ಈಗ ಅಮ್ಮನ ಫೋನು. ಅಲ್ಲಿಂದ ಇಲ್ಲಿಗೆ ಮಾತು ತಲುಪಲು ತಿಂಗಳು, ವರ್ಷ ಹಿಡಿಯುವಾಗ ಎದುರುಬದುರು ಮಾತಾಡುವುದು ಹೇಗೆ? ಅದರ ಬದಲು ಅಮ್ಮ ಪ್ರತಿ ಭಾನುವಾರ ಒಂದು ವಾಯ್ಸ್ ಮೆಸೇಜ್ ಕಳಿಸಲಿ. ಕೂತು ಲೆಕ್ಕ ಹಾಕಿದೆ. ನೌಕೆ ಹೊರಟ ತಕ್ಷಣ ಪೂರ್ತಿ ವೇಗ, ಅಲ್ಲಿ ಮುಟ್ಟಿದ ತಕ್ಷಣ ವಾಪಸ್ ಎಂದು ಇಟ್ಟುಕೊಂಡಿದ್ದೇನೆ. (ನಿಜಕ್ಕೆ ಆರಾಮಾಗಿ ಅಷ್ಟು ವೇಗ ಹಿಡಿಯಲು ಅವನ ಗಡಿಯಾರದಲ್ಲಿ ಒಂದೂವರೆ ವರ್ಷದ ಹತ್ತಿರ ಬೇಕು. ಕತೆಗೆ ಆ ರಗಳೆ ಬೇಡ.) ಊರಲ್ಲಿ ಒಟ್ಟು ಕಳೆಯುವುದು ಸುಮಾರು 9.4 ವರ್ಷ. ಅವನಿಗೆ 4.1 ವರ್ಷ. ಅರವತ್ತಲ್ಲ.

ಅಮ್ಮ ಒಟ್ಟು 490ರಷ್ಟು ಮೆಸೇಜ್ ಕಳಿಸುತ್ತಾಳೆ. ಹೋಗುವಾಗ ಪ್ರತಿಯೊಂದೂ ನೌಕೆಯನ್ನು ಅಟ್ಟಿಸಿಕೊಂಡು ಬರಬೇಕು. ಹಾಗಾಗಿ ವಾರಕ್ಕೊಂದರ ಬದಲು ತಿಂಗಳಿಗೊಂದು ಸಿಗುತ್ತದೆ. ಎರಡು ವರ್ಷಕ್ಕೆ ಬರೀ 25! ಒಂದು ನಿಮಿಷದ ಮಾತು ನಾಲ್ಕು ನಿಮಿಷಕ್ಕೂ ಜಾಸ್ತಿ ಎಳೆದುಕೊಂಡು ಬರುತ್ತದೆ. ಅವನು ಪ್ರಾಕ್ಸಿಮಾ ಮುಟ್ಟಿದ ದಿನ ಕೇಳುವುದು, ಹೊರಟು ಆರು ತಿಂಗಳೂ ಆಗದಿದ್ದಾಗ ಅಮ್ಮ ಆಡಿದ ಮಾತು. ಗಣಪತಿ ಹಬ್ಬ ಮುಗಿದಿದೆ, ದಸರಾ ಇನ್ನೂ ಬಂದಿಲ್ಲ. ಅಂದರೆ ಎರಡು ವರ್ಷ ಪೂರ್ತಿ ಅವನ ಪಾಲಿಗೆ ಊರಲ್ಲಿ ಒಂದೇ ಮಳೆಗಾಲ. ಕೊಳೆ ರೋಗ ಬಂತು, ಔಷಧಿ ಹೊಡೆಸಬೇಕು, ಮರ ಹತ್ತುವವರು ಸಿಗ್ತಿಲ್ಲ, ಅದೇ ಮಾತು. ಆ ವರ್ಷದ ಕೊಯ್ಲು ಏನಾಯ್ತು ಅಂತ ಗೊತ್ತಾಗುವ ಮೊದಲೇ ಅವನು ಅಲ್ಲಿ ಮುಟ್ಟಿರುತ್ತಾನೆ.

ನೌಕೆ ತಿರುಗಿತು ಅನ್ನಿ. ಈಗ ಅವನೇ ಮೆಸೇಜುಗಳಿಗೆ ಎದುರಾಗಿ ಬರುತ್ತಿದ್ದಾನೆ. ಮುಂದಿನ ಎರಡು ವರ್ಷದಲ್ಲಿ ಉಳಿದ 465ರಷ್ಟೂ ಬಂದು ಬೀಳುತ್ತವೆ, ಸುಮಾರು ಒಂದೂವರೆ ದಿನಕ್ಕೊಂದು. ಒಂದು ನಿಮಿಷದ ಮಾತು 14 ಸೆಕೆಂಡಿಗೆ ಮುಗಿಯುತ್ತದೆ. ಒಂಬತ್ತು ಕೊಯ್ಲುಗಳೂ ಈ ದಾರಿಯಲ್ಲೇ, ಮೂರು ತಿಂಗಳು ತುಂಬುವುದರೊಳಗೆ ಇನ್ನೊಂದು. ಅಮ್ಮ ಸುಲಿದದ್ದೇ ಸುಲಿದದ್ದು. ದನಿಯಲ್ಲಿ ವಯಸ್ಸಾಗುವುದು ಅವನಿಗೆ ಗೊತ್ತಾಗಬೇಕಾದ್ದು ಇಲ್ಲಿ.

ಹಾಗಾಗಿ ಅಮ್ಮನನ್ನು ಸಾಯಿಸಬೇಡಿ. ಸಾವು ಬೇಕೇ ಬೇಕು ಎಂದರೆ ಸುಮಾರು 25 ಜ್ಯೋತಿರ್ವರ್ಷ ದೂರದ ಅಭಿಜಿತ್ ನಕ್ಷತ್ರಕ್ಕೆ ಕಳಿಸಿ. ಇದೇ ವೇಗದಲ್ಲಿ ಊರಲ್ಲಿ 55 ವರ್ಷ ದಾಟುತ್ತದೆ. ಆದರೆ ಅವನಿಗೂ 24 ವರ್ಷ ಕಳೆದಿರುತ್ತದೆ. ನನಗಂತೂ ಮಗನಿಗೆ ನಾಲ್ಕು, ಅಮ್ಮನಿಗೆ ಒಂಬತ್ತು ಎಂಬ ಆ ಐದು ವರ್ಷದ ವ್ಯತ್ಯಾಸವೇ ಹೆಚ್ಚು ಚುಚ್ಚಿತು. ಇಬ್ಬರೂ ಬದುಕಿದ್ದಾರೆ, ಎದುರುಬದುರು ಕೂತು ಊಟ ಮಾಡಬೇಕು.

ಲೆಕ್ಕವನ್ನೆಲ್ಲ ಕತೆಯೊಳಗೆ ತುರುಕಬೇಡಿ. ಸೂತ್ರ ಬರೆದಿರೋ, ಖಂಡಿತ ವಾಪಸ್ ಕಳಿಸುತ್ತೇನೆ. 2,500 ಪದ ಮೀರದಿರಲಿ. ಮತ್ತೆ, ಕೈಬರಹದ ಫೋಟೊ ತೆಗೆದು ಕಳಿಸಬೇಡಿ, ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಏಳನೇ ಪುಟದ ಅರ್ಧ ನಿಮ್ಮ ಹೆಬ್ಬೆರಳಿನಡಿಯಲ್ಲೇ ಇತ್ತು.

ಇಂತಿ,
ಸಂಪಾದಕ, ಶಿವಮೊಗ್ಗ