ನಿದ್ದೆಗೆ ಅಂತ ಗಾಂಜಾ ಸೇದುತ್ತಿದ್ದ ಹುಡುಗ

ಹೆಸರು, ಊರು, ಗುರುತು ಸಿಗುವಂಥ ವಿವರ ಎಲ್ಲ ಬದಲಿಸಿದ್ದೇನೆ. ಹುಡುಗನನ್ನು ಪ್ರೀತಮ್ ಅಂದುಕೊಳ್ಳಿ. ವಯಸ್ಸು 24, ಮೂಡಿಗೆರೆ ಕಡೆಯವನು. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡುವವರು. ಹಾಸನದಲ್ಲಿ ಇಂಜಿನಿಯರಿಂಗ್ ಓದಿದ, ಕೆಲವು ಸಬ್ಜೆಕ್ಟ್ ಬಾಕಿ ಉಳಿಸಿಕೊಂಡು ಊರಿಗೆ ವಾಪಸ್ ಬಂದ. ಈಗ ಒಂದು ಹೋಂಸ್ಟೇಯಲ್ಲಿ ಜೀಪ್ ಓಡಿಸುತ್ತಾನೆ, ವೀಕೆಂಡಿಗೆ ಬೆಂಗಳೂರಿನಿಂದ ಬಂದವರನ್ನು ಗುಡ್ಡ ಹತ್ತಿಸಿ ಇಳಿಸುವ ಕೆಲಸ.

ಅಮ್ಮ ಅವನನ್ನು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆತಂದದ್ದು ಗಾಂಜಾ ವಿಷಯಕ್ಕಲ್ಲ, ಕೋಪಕ್ಕೆ. "ಮಾತಾಡಿಸೋ ಹಾಗೇ ಇಲ್ಲ ಮೇಡಂ, ಊಟದ ತಟ್ಟೆ ತಳ್ಳಿ ಎದ್ದು ಹೋಗ್ತಾನೆ. ಒಂದು ಮದುವೆ ಮಾಡಿದ್ರೆ ಸರಿಹೋಗಬಹುದಾ?" ಅಂತ ಕೇಳಿದರು. ಅವರನ್ನು ಸ್ವಲ್ಪ ಹೊರಗೆ ಕೂರಿಸಿ ಅವನ ಜೊತೆ ಒಬ್ಬಳೇ ಮಾತಾಡಿದೆ. ಇಲ್ಲಿ ಹೇಳಿದ್ದು ನಿನ್ನ ಒಪ್ಪಿಗೆ ಇಲ್ಲದೆ ಮನೆಯವರಿಗೆ ಹೋಗಲ್ಲ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಬೇರೆ ಅಂದೆ. ಆಮೇಲೆ ಅವನೇ ಹೇಳಿದ. ಕಾಲೇಜಿನ ಎರಡನೇ ವರ್ಷದಿಂದ ಸೇದುತ್ತಿದ್ದಾನೆ, ಈಗ ದಿನಾ ಸೇದುತ್ತಾನೆ.

"ಆದ್ರೆ ಅದು ಅಡಿಕ್ಷನ್ ಅಲ್ಲ ಮೇಡಂ. ಅದು ಗಿಡ. ನಮ್ಮ ತಾತನ ಕಾಲದಲ್ಲೂ ಭಂಗಿ ಸೊಪ್ಪು ಇತ್ತು. ಎಣ್ಣೆ ಹೊಡೆಯೋರ ಹಾಗೆ ಕೈ ನಡುಗಲ್ಲ ನಂಗೆ. ನಿದ್ದೆ ಬರಲ್ಲ ಅಂತ ಸೇದ್ತೀನಿ, ಅಷ್ಟೇ."

ಈ ಮಾತನ್ನು ನಾನು ಬಹಳ ಹುಡುಗರ ಬಾಯಲ್ಲಿ ಕೇಳುತ್ತೇನೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಹಾಗೇ ನಂಬಿರುತ್ತಾರೆ. ಅದಕ್ಕೇ ನಾನು ಅಡಿಕ್ಷನ್ ಹೌದೋ ಅಲ್ಲವೋ ಅಂತ ವಾದಕ್ಕೆ ಇಳಿಯಲಿಲ್ಲ. ನಡುವೆ ಯಾವಾಗಲಾದರೂ ನಿಲ್ಲಿಸಿದ್ದೀಯಾ, ಆಗ ಏನಾಯಿತು ಅಂತ ಕೇಳಿದೆ.

ನಿಲ್ಲಿಸಿದ್ದ. ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮಗಳ ಮದುವೆ, ಮನೆ ತುಂಬ ನೆಂಟರು, ಸೇದಲು ಜಾಗ ಇಲ್ಲ. ಮೊದಲ ದಿನ ಹೇಗೋ ಕಳೆಯಿತು. ಎರಡನೇ ರಾತ್ರಿ ಕಣ್ಣು ಮುಚ್ಚಲಿಲ್ಲ, ಮೈಯೆಲ್ಲ ಬೆವರು, ಮದುವೆ ಊಟ ಗಂಟಲಲ್ಲಿ ಇಳಿಯಲಿಲ್ಲ, ಸುಮ್ನೆ ತಮಾಷೆ ಮಾಡಿದ ಭಾವನ ಮೇಲೆ ಕೈ ಎತ್ತಿದ. ಊರಿಗೆ ಬಂದು ಒಂದು ಜಾಯಿಂಟ್ ಎಳೆದ ಮೇಲೆ ಎಲ್ಲ ತಣ್ಣಗಾಯಿತು. ಅವತ್ತೇ ಅವನು ತೀರ್ಮಾನಿಸಿಬಿಟ್ಟ: ನನಗೆ ನಿದ್ದೆಯ ಕಾಯಿಲೆ ಇದೆ, ಇದೇ ಔಷಧಿ.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಅವನು ಹೇಳಿದ್ದು ನಿದ್ದೆಯ ಕಾಯಿಲೆಯ ಲಕ್ಷಣ ಅಲ್ಲ, ಗಾಂಜಾ ನಿಲ್ಲಿಸಿದಾಗ ಬರುವ ಲಕ್ಷಣ. ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು, ಬೆವರು, ಚಡಪಡಿಕೆ ಒಂದರಿಂದ ಮೂರು ದಿನದೊಳಗೆ ಶುರುವಾಗುತ್ತವೆ, ಮೊದಲ ವಾರದಲ್ಲಿ ಜೋರಾಗಿರುತ್ತವೆ, ಹೆಚ್ಚಿನವು ಎರಡು ವಾರದ ಹೊತ್ತಿಗೆ ಇಳಿಯುತ್ತವೆ. ಮನೋವೈದ್ಯರು ರೋಗ ಗುರುತಿಸಲು ಬಳಸುವ ಡಿಎಸ್‌ಎಂ ಕೈಪಿಡಿಯಲ್ಲಿ 2013ರಿಂದ ಇದಕ್ಕೆ ಅಧಿಕೃತ ಜಾಗ ಇದೆ. ಕೈ ನಡುಗದಿದ್ದರೆ ಚಟ ಇಲ್ಲ ಅಂತ ಅರ್ಥ ಅಲ್ಲ.

ಒಳಗೆ ಏನಾಗುತ್ತದೆ ಅಂತಲೂ ಹೇಳಿದೆ, ಓದಿದ ಹುಡುಗ ಅಲ್ವಾ. ಗಾಂಜಾದಲ್ಲಿ ನಶೆ ಏರಿಸುವ ಟಿಎಚ್‌ಸಿ ಅನ್ನುವ ರಾಸಾಯನಿಕ ಮಿದುಳಿನ ಜೀವಕೋಶಗಳ ಮೇಲಿರುವ ಸಿಬಿ1 ಅನ್ನುವ ರಿಸೆಪ್ಟರ್‌ಗಳಿಗೆ (ಸಂಕೇತ ಹಿಡಿಯುವ ಕೊಂಡಿಗಳಿಗೆ) ಅಂಟಿಕೊಳ್ಳುತ್ತದೆ. ದಿನಾ ಸೇದಿದರೆ ಮಿದುಳು ಆ ರಿಸೆಪ್ಟರ್‌ಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ, ಅದಕ್ಕೇ ಮೊದಲು ಒಂದು ಸಾಕಾಗುತ್ತಿದ್ದ ಕಡೆ ಈಗ ಮೂರು ಬೇಕು. ಬಿಟ್ಟರೆ ಸುಮಾರು ನಾಲ್ಕು ವಾರದಲ್ಲಿ ಅವು ಬಹುಪಾಲು ಮೊದಲಿನ ಮಟ್ಟಕ್ಕೆ ಬರುತ್ತವೆ. ಇದನ್ನು ಕೇಳಿದಾಗ ಅವನ ಮುಖ ಸ್ವಲ್ಪ ಸಡಿಲವಾಯಿತು.

ಸೇದುವವರೆಲ್ಲ ಚಟಕ್ಕೆ ಬೀಳುತ್ತಾರೆ ಅಂತ ನಾನು ಯಾರನ್ನೂ ಹೆದರಿಸುವುದಿಲ್ಲ, ಅದು ನಿಜವೂ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ, ಅದರಿಂದ ತೊಂದರೆಗೆ ಸಿಕ್ಕಿ ಸಹಾಯ ಬೇಕಾದವರು ಸುಮಾರು 72 ಲಕ್ಷ. ಹದಿಹರೆಯದಲ್ಲೇ ಶುರು ಮಾಡಿದವರಿಗೆ, ದಿನಾ ಸೇದುವವರಿಗೆ ಅಪಾಯ ಜಾಸ್ತಿ. ಪ್ರೀತಮ್ ಎರಡೂ ಹೌದು.

ಒಂದು ವಿಷಯಕ್ಕೆ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಅವನ ಚಿಕ್ಕಪ್ಪನಿಗೆ ಕಿವಿಯಲ್ಲಿ ಮಾತು ಕೇಳಿಸುವ ಮಾನಸಿಕ ಕಾಯಿಲೆ ಇದೆ. ಹತ್ತಿರದ ರಕ್ತಸಂಬಂಧದಲ್ಲಿ ಇಂಥ ಕಾಯಿಲೆ ಇದ್ದವರಿಗೆ ಗಾಂಜಾ ಇನ್ನೂ ಅಪಾಯ. ಅದಕ್ಕೇ ಮೊದಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಸೇದಿ ಜೀಪ್ ಹತ್ತಬೇಡ ಅಂತಲೂ ಹೇಳಿದೆ. ಘಾಟಿ ತಿರುವಿನಲ್ಲಿ ಹಿಂದೆ ಕೂತವರ ಮಕ್ಕಳೂ ಇರುತ್ತಾರೆ.

ಗಾಂಜಾ ಚಟಕ್ಕೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಇಲ್ಲ. ಕೆಲಸ ಮಾಡುವುದು ಮಾತು, ಯೋಜನೆ, ಅಭ್ಯಾಸ ಬದಲಿಸುವುದು. ನಾವಿಬ್ಬರೂ ಕೂತು ಗೆಸ್ಟ್ ಕಡಿಮೆ ಇರುವ ಮಳೆಗಾಲದ ಒಂದು ಸೋಮವಾರ ಆರಿಸಿದೆವು. ಮಾಲು ಕೊಡುವವನ ನಂಬರು ನನ್ನೆದುರೇ ಅಳಿಸಿದ. ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು, ಮಧ್ಯಾಹ್ನ ಮಲಗದಿರುವುದು, ಸಂಜೆ ಸೇದುತ್ತಿದ್ದ ಹೊತ್ತಿಗೆ ವಾಲಿಬಾಲ್. ಕನಸು ಜೋರಾಗಿ ಬೀಳುತ್ತವೆ, ಹೆದರಬೇಡ ಅಂತ ಮೊದಲೇ ಹೇಳಿಟ್ಟೆ. ಬಿದ್ದವು, ಆದರೆ ಗೊತ್ತಿದ್ದರಿಂದ ತಡೆದುಕೊಂಡ. ಸಿಗರೇಟಿನ ತಂಬಾಕು ಬೆರೆಸಿ ಸೇದುತ್ತಿದ್ದುದರಿಂದ ನಿಕೋಟಿನ್ ಚಟವೂ ಜೊತೆಗಿತ್ತು. ಬರೀ ಸಿಗರೇಟು ಹಚ್ಚಿದರೂ ಗಾಂಜಾ ನೆನಪಾಗುತ್ತದೆ, ಅದಕ್ಕೆ ಬೇರೆಯೇ ಯೋಜನೆ ಬೇಕಾಯಿತು.

ಅವನು ಒಪ್ಪಿದ ಮೇಲೆ ಅಮ್ಮನಿಗೂ ಹೇಳಿದೆವು. ಅತ್ತರು. ಮದುವೆ ಇದಕ್ಕೆ ಚಿಕಿತ್ಸೆ ಅಲ್ಲ ಅಮ್ಮ, ಬರುವ ಹುಡುಗಿ ಏನು ತಪ್ಪು ಮಾಡಿದ್ದಾಳೆ ಅಂದೆ. ಮೊದಲ ಹತ್ತು ದಿನ ಕೋಪ ಜಾಸ್ತಿಯೇ ಆಗುತ್ತದೆ, ಆಗ ಎದುರು ವಾದಿಸಬೇಡಿ, ದಿನಾ ಜೇಬು ತಡಕಬೇಡಿ, ಗಂಜಿ, ತಿಳಿಸಾರು ಯಾವುದು ಸೇರುತ್ತದೋ ಅದನ್ನು ಕೊಡಿ. ಆದರೆ ಇಲ್ಲದ ದನಿ ಕೇಳಿಸುತ್ತಿದೆ ಅಂದರೆ, ಎಲ್ಲರೂ ನನ್ನ ವಿರುದ್ಧ ಇದ್ದಾರೆ ಅಂದರೆ, ಸಾಯುವ ಮಾತಾಡಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಪ್ಪನ ಭಯ ಪೊಲೀಸರದ್ದು. ಮಾದಕ ವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದುವುದಕ್ಕೂ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಇದೆ, ಎರಡೂ ಆಗಬಹುದು. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು. ಗೆಸ್ಟ್‌ಗಳಿಗೆ ತಂದುಕೊಡುವುದು ಇದಕ್ಕಿಂತ ದೊಡ್ಡ ಅಪರಾಧ, ಇವತ್ತೇ ನಿಲ್ಲಿಸು ಅಂತ ಪ್ರೀತಮ್‌ಗೆ ಹೇಳಿದೆ.

ಕಾಫಿ ಹಣ್ಣು ಕೊಯ್ಲಿನ ಸಮಯದಲ್ಲಿ ಗೆಸ್ಟ್ ಒಬ್ಬ ಚಾಚಿದ ಜಾಯಿಂಟ್ ಹಿಡಿದ, ಮತ್ತೆ ಒಂದು ವಾರ ಹೋಯಿತು. ಮರುಕಳಿಸುವುದು ಈ ದಾರಿಯಲ್ಲಿ ಇದ್ದದ್ದೇ. ಈ ಸಲ ಅಮ್ಮ ಬಯ್ಯಲಿಲ್ಲ, ಅವನೇ ಬಸ್ಸು ಹತ್ತಿ ನನ್ನ ಹತ್ತಿರ ಬಂದ. ರಾತ್ರಿ ಕ್ಯಾಂಪ್‌ಫೈರ್ ಡ್ಯೂಟಿ ಬೇಡ ಅಂತ ಮಾಲೀಕರಿಗೆ ಹೇಳು ಅಂದೆ, ಹೇಳಿದ್ದಾನೆ. ಗಾಂಜಾ ಈಗ ಇಲ್ಲ. ಸಿಗರೇಟು ಇನ್ನೂ ಇದೆ, ಬಾಕಿ ಸಬ್ಜೆಕ್ಟ್‌ಗಳೂ ಇವೆ, ಅದರ ಮೇಲೆ ಕೆಲಸ ನಡೆದಿದೆ.

ನಿಮ್ಮ ಮನೆಯಲ್ಲೂ ಹೀಗೆ ಇದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ. ಹೊರಡುವ ಧೈರ್ಯ ಇನ್ನೂ ಬಂದಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ವ್ಯಸನಕ್ಕೆ ಅಂತಲೇ ಇರುವ ರಾಷ್ಟ್ರೀಯ ಸಹಾಯವಾಣಿ 14446.