ಹೊಸೆದ ಕೂದಲು ಒಣಗುವವರೆಗೆ ಕೈ ಹಾಕಬೇಡಿ

ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದದ್ದು ಗುಂಗುರು ಕೂದಲಿನವರಿಂದ. ಅದಕ್ಕೇ ಉಳಿದವರ ಮೊಡವೆ, ತಲೆಹೊಟ್ಟು ಎಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ಅಕ್ಕಾ, ನಾನು ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ. ತುಮಕೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ, ಕ್ಯಾತ್ಸಂದ್ರದ ಹತ್ತಿರ ಪಿಜಿಯಲ್ಲಿದ್ದೇನೆ. ನನ್ನ ಕೂದಲು ಪೆನ್ನಿನ ಸ್ಪ್ರಿಂಗ್ ಥರ ಸಣ್ಣ ಸಣ್ಣ ಸುರುಳಿ. ವಿಡಿಯೋ ನೋಡಿ ಎರಡೆಳೆ ಟ್ವಿಸ್ಟ್ (ಎರಡು ಎಳೆ ಹಗ್ಗದ ಥರ ಹೊಸೆಯುವುದು) ಹಾಕಿಕೊಳ್ಳುತ್ತೇನೆ, ಆದರೆ ಬಿಚ್ಚಿದ ಅರ್ಧ ದಿನಕ್ಕೇ ಹತ್ತಿ ಹಿಂಜಿದ ಹಾಗೆ ಕೆದರುತ್ತದೆ. ಊರಲ್ಲಿ ಹೀಗೆ ಆಗುತ್ತಿರಲಿಲ್ಲ. ಇಲ್ಲಿ ಪಾರ್ಲರಿಗೆ ಹೋದರೆ ಸ್ಟ್ರೇಟನಿಂಗ್ ಮಾಡಿಸಿಕೋ ಅಂತಾರೆ. ಏನು ಮಾಡಲಿ?

ಉತ್ತರ: ಸ್ಟ್ರೇಟನಿಂಗ್ ಮಾತು ಅಲ್ಲೇ ಬಿಡಮ್ಮ. ನಾನೂ ಪಾರ್ಲರ್ ನಡೆಸಿದವಳು, ಒಳಗಿನ ಮಾತು ಹೇಳುತ್ತೇನೆ. ನಮಗೆ ಕಲಿಸಿದ್ದು ನೆಟ್ಟಗಿನ ಕೂದಲಿನ ಕೆಲಸ ಮಾತ್ರ. ಸುರುಳಿ ಕೂದಲು ಕುರ್ಚಿಯಲ್ಲಿ ಬಂದು ಕೂತರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ, ಆಗ ಬಾಯಿಗೆ ಬರುವುದು ಅದೊಂದೇ ಸಲಹೆ.

ಊರಲ್ಲಿ ಆಗದ್ದು ಇಲ್ಲಿ ಯಾಕೆ ಆಗುತ್ತದೆ ಅಂದೆಯಲ್ಲ, ನನಗೆ ಅನುಮಾನ ನೀರಿನ ಮೇಲೆ. ಯಲ್ಲಾಪುರದ ಮಳೆ, ಹಳ್ಳದ ನೀರು ಎಲ್ಲಿ, ನಮ್ಮ ಬಯಲುಸೀಮೆಯ ಬೋರ್‌ವೆಲ್ ಎಲ್ಲಿ! ತುಮಕೂರು ನಗರಕ್ಕೆ ಹೇಮಾವತಿ ನೀರು ಬರುತ್ತದೆ ನಿಜ, ಆದರೆ ಪಿಜಿ ಟ್ಯಾಂಕಿಗೆ ಬೋರ್ ನೀರು ತುಂಬಿಸುವ ಓನರ್‌ಗಳೇ ಬೇಕಾದಷ್ಟು. ಬಕೆಟ್ ಅಂಚಿನಲ್ಲಿ ಬಿಳಿ ಗೆರೆ ಕಟ್ಟಿದೆಯಾ? ಸೋಪು ಎಷ್ಟು ಉಜ್ಜಿದರೂ ನೊರೆ ಬರಲ್ಲವಾ? ಹಾಗಿದ್ದರೆ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೂ ಹಾಗೇ ಕೂರುತ್ತದೆ. ಕೂದಲು ಒರಟಾಗುತ್ತದೆ, ಹಚ್ಚಿದ ಕಂಡಿಷನರ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ನಿನ್ನಂಥ ಕೂದಲಿಗೆ ಇದು ಇನ್ನೂ ಕಷ್ಟ. ಬುಡದಲ್ಲಿ ಹುಟ್ಟುವ ಎಣ್ಣೆ ಅಂಶ ನೆಟ್ಟಗಿನ ಕೂದಲಲ್ಲಿ ಸುಲಭವಾಗಿ ಕೆಳಗೆ ಇಳಿಯುತ್ತದೆ, ಸುರುಳಿಯಲ್ಲಿ ಅಷ್ಟು ತಿರುವು ದಾಟಿ ತುದಿಗೆ ತಲುಪುವುದೇ ಇಲ್ಲ.

ಎಲ್ಲ ನೀರನ್ನೂ ಬದಲಾಯಿಸಲು ಆಗಲ್ಲ ಅಲ್ವಾ, ಕೊನೆಯ ಎರಡು ಚೊಂಬು ಬದಲಾಯಿಸು ಸಾಕು. ರಸ್ತೆ ಬದಿಯ ಶುದ್ಧ ನೀರಿನ ಘಟಕದಿಂದ ಹೇಗೂ ಕುಡಿಯುವ ನೀರು ತರುತ್ತೀರಲ್ಲ, ಅದರಲ್ಲೇ ಎರಡು ಲೀಟರ್ ತೆಗೆದಿಟ್ಟುಕೊಂಡು ಕೊನೆಗೆ ಸುರಿದುಕೋ. ಹದಿನೈದು ದಿನಕ್ಕೊಮ್ಮೆ ಒಂದು ಲೀಟರ್ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ತಲೆಗೆ ಹಾಕಿ ತೊಳೆದರೆ ಕೂತಿರುವ ಬಿಳಿ ಪದರ ಸ್ವಲ್ಪ ಬಿಡುತ್ತದೆ. ಕಣ್ಣು ಜೋಪಾನ.

ಈಗ ಟ್ವಿಸ್ಟ್. ಒಣ ಕೂದಲಿಗೆ ಬಾಚಣಿಗೆ ಹಾಕಲೇಬೇಡ. ಕಂಡಿಷನರ್ ಹಚ್ಚಿ, ಒದ್ದೆ ಇರುವಾಗಲೇ ಬೆರಳಿನಿಂದ ಸಿಕ್ಕು ಬಿಡಿಸು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ಅದೂ ತುದಿಯಿಂದ ಶುರು ಮಾಡಿ ಬುಡದ ಕಡೆಗೆ. ಹಳೇ ಕಾಟನ್ ಟೀ ಶರ್ಟಿನಿಂದ ಒತ್ತಿ, ನೀರು ತೊಟ್ಟಿಕ್ಕುವುದು ನಿಂತ ಮೇಲೆ ಬೈತಲೆ ತೆಗೆದು ಭಾಗ ಮಾಡಿಕೋ. ಬೆರಳು ದಪ್ಪದಷ್ಟು ಕೂದಲು ಹಿಡಿದು ಎರಡು ಎಳೆ ಮಾಡು.

ಇಲ್ಲೇ ಎಲ್ಲರೂ ತಪ್ಪುವುದು. ಸುಮ್ನೆ ಒಂದರ ಮೇಲೊಂದು ಸುತ್ತುತ್ತಾ ಹೋಗುತ್ತಾರೆ, ಅದು ಬಿಚ್ಚಿಕೊಳ್ಳುತ್ತದೆ. ನಿಮ್ಮ ಕಾಲೇಜಿನಲ್ಲಿ ಗುಬ್ಬಿ, ತಿಪಟೂರು ಕಡೆಯ ಹುಡುಗಿಯರು ಇದ್ದೇ ಇರುತ್ತಾರೆ, ಅವರಜ್ಜಿ ತೆಂಗಿನ ನಾರಿನ ಹಗ್ಗ ಹೊಸೆಯುವುದು ಹೇಗೆ ಅಂತ ಕೇಳು. ಪ್ರತಿ ಎಳೆಯನ್ನೂ ಬಲಕ್ಕೆ ಹುರಿ ಮಾಡಿ, ಎರಡನ್ನೂ ಸೇರಿಸುವಾಗ ಎಡಕ್ಕೆ ಸುತ್ತುತ್ತಾರೆ. ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಬಿಗಿಯುತ್ತದೆ, ಹಾಗಾಗಿ ಹಗ್ಗ ನಿಲ್ಲುತ್ತದೆ. ಕೂದಲಿಗೂ ಅದೇ ಲೆಕ್ಕ. ತುದಿಗೆ ಬಂದಾಗ ಬೆರಳಿಗೆ ಸುತ್ತಿ ಬಿಡು, ರಬ್ಬರ್ ಬ್ಯಾಂಡ್ ಬೇಡ.

ಆಮೇಲಿನದು ತಾಳ್ಮೆ ಕೆಲಸ. ಕೂದಲಿಗೆ ನೀರು ತಗುಲಿದಾಗ ಒಳಗಿನ ಹೈಡ್ರೋಜನ್ ಬಂಧಗಳು ಸಡಿಲವಾಗುತ್ತವೆ, ಒಣಗುತ್ತಾ ಮತ್ತೆ ಕೂಡಿಕೊಳ್ಳುತ್ತವೆ, ಆ ಹೊತ್ತಿಗೆ ಕೂದಲು ಯಾವ ಆಕಾರದಲ್ಲಿ ಇತ್ತೋ ಆ ಆಕಾರಕ್ಕೇ. ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುವುದೂ ಇದೇ ಕಾರಣಕ್ಕೆ. ಅರ್ಧ ಒದ್ದೆ ಇರುವಾಗ ಬಿಚ್ಚಿದರೆ ಅದಕ್ಕೆ ಆಕಾರವೇ ಇಲ್ಲ, ಹತ್ತಿ ಹಿಂಜಿದ ಹಾಗೆ ಅಂದೆಯಲ್ಲ, ಅದೇ. ನಿನ್ನಂಥ ಒತ್ತು ಕೂದಲಿಗೆ ರಾತ್ರಿಯೊಂದು ಸಾಲದೆ ಹೋಗಬಹುದು. ಶನಿವಾರ ಸಂಜೆ ಹಾಕಿದರೆ ಸೋಮವಾರ ಬೆಳಗ್ಗೆ ಬಿಚ್ಚು. ಒಂದನ್ನು ಬಿಚ್ಚಿ ನೋಡು, ಒಳಗೆ ತಂಪು ಇದ್ದರೆ ವಾಪಸ್ಸು ಹೊಸೆದುಬಿಡು. ಬಿಚ್ಚುವಾಗ ಬೆರಳಿಗೆ ಎರಡು ಹನಿ ಕೊಬ್ಬರಿ ಎಣ್ಣೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೂ ಸ್ವಲ್ಪ ಇಳಿಯುತ್ತದೆ, ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. ಆದರೆ ಒಣ ಕೂದಲಿಗೆ ಎಣ್ಣೆ ಸುರಿದರೆ ತೇವ ಬರಲ್ಲ, ಮೊದಲು ನೀರು, ಆಮೇಲೆ ಎಣ್ಣೆ.

ಬಿಚ್ಚಲೇಬೇಕು ಅಂತಲೂ ಇಲ್ಲ. ಟ್ವಿಸ್ಟ್ ಹಾಗೇ ಇಟ್ಟುಕೊಂಡು ಒಂದು ವಾರ, ಹತ್ತು ದಿನ ಕಾಲೇಜಿಗೆ ಹೋಗಬಹುದು. ಆಫ್ರಿಕಾ ಮೂಲದ ಜನ ತಲೆಮಾರುಗಳಿಂದ ಹಾಕಿಕೊಂಡು ಬಂದಿರುವ ಶೈಲಿ ಇದು, ನಿಮ್ಮ ಸಿದ್ದಿಗಳ ಪೂರ್ವಜರೂ ಅಲ್ಲಿಂದಲೇ ಬಂದವರಲ್ಲವಾ, ನಿನಗೆ ಬೇರೆಯವರಿಗಿಂತ ಜಾಸ್ತಿ ಹಕ್ಕಿದೆ. ಅಮೆರಿಕದಲ್ಲಿ ಇಂಥ ಕೂದಲಿಗಾಗಿ ಕೆಲಸದಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡಬಾರದು ಅಂತ 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕ್ರೌನ್ ಆಕ್ಟ್ ಅಂತ ಕಾನೂನೇ ತಂದಿತು. ಮುಂದಿನ ಸಲ ಪಾರ್ಲರಿನವರು ಮುಖ ಸಿಂಡರಿಸಿದರೆ ಇದನ್ನು ಹೇಳು, ಸ್ವಲ್ಪ ಮಜಾ ಬರುತ್ತೆ.

ಪ್ರಶ್ನೆ: ಮೇಡಂ, ನಮ್ಮದು ಮುಳಬಾಗಿಲು. ಮಗಳು ನಾಲ್ಕನೇ ಕ್ಲಾಸು, ದಟ್ಟ ಗುಂಗುರು ಕೂದಲು. ಸ್ಕೂಲಲ್ಲಿ ಎರಡು ಜಡೆ, ರಿಬ್ಬನ್ ಕಡ್ಡಾಯ. ದಿನಾ ಬೆಳಗ್ಗೆ ಅಳು, ಈಗ ಕಿವಿ ಮೇಲೆ ಕೂದಲು ತೆಳ್ಳಗಾಗಿದೆ.

ಉತ್ತರ: ಬಿಗಿ ಜಡೆ ನಿಲ್ಲಿಸಿ, ಇವತ್ತೇ. ದಿನಾ ಎಳೆದು ಎಳೆದು ಕಟ್ಟಿದರೆ ಹಣೆ, ಕಿವಿ ಹತ್ತಿರದ ಬೇರು ಸೋಲುತ್ತದೆ. ಶುರುವಲ್ಲೇ ಬಿಟ್ಟರೆ ವಾಪಸ್ಸು ಬೆಳೆಯುತ್ತದೆ, ವರ್ಷಗಟ್ಟಲೆ ಎಳೆದರೆ ಅಲ್ಲಿ ಕೂದಲೇ ಬರದೆ ಹೋಗಬಹುದು. ನಮ್ಮ ಕಾಲದಲ್ಲಿ ಕಣ್ಣು ಮೇಲಕ್ಕೆ ಹೋಗುವಷ್ಟು ಬಿಗಿದರೇ ಅಮ್ಮನಿಗೆ ಸಮಾಧಾನ, ನನ್ನ ಹಣೆ ಇಷ್ಟು ಅಗಲ ಆಗಿದ್ದು ಹಾಗೇ ಇರಬೇಕು.

ಭಾನುವಾರ ತಲೆಗೆ ನೀರು ಹಾಕಿದ ಮೇಲೆ, ಮೊದಲ ಉತ್ತರದಲ್ಲಿ ಹೇಳಿದಂತೆ ಒದ್ದೆಯಲ್ಲೇ ಸಿಕ್ಕು ಬಿಡಿಸಿ, ತಲೆ ತುಂಬಾ ಎಂಟು ಹತ್ತು ದಪ್ಪ ಟ್ವಿಸ್ಟ್ ಹಾಕಿಬಿಡಿ. ಬೆಳಗ್ಗೆ ಆ ಕಡೆ ನಾಲ್ಕೈದು, ಈ ಕಡೆ ನಾಲ್ಕೈದು ಸೇರಿಸಿ ಸಡಿಲವಾಗಿ ಜಡೆ ಹೆಣೆದು ರಿಬ್ಬನ್ ಕಟ್ಟಿ. ದೂರದಿಂದ ಎರಡು ಜಡೆಯೇ. ಬುಧವಾರದವರೆಗೆ ಬಾಚಣಿಗೆ ಬೇಡ, ಅಳುವೂ ಇಲ್ಲ. ಹಾಕುವಾಗ ಮಗು ಆಯ್ ಅಂದರೆ ಬಿಗಿ ಆಯ್ತು ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ಎರಡು ಮೂರು ತಿಂಗಳಲ್ಲಿ ಕಿವಿ ಮೇಲೆ ಸಣ್ಣ ಕೂದಲು ಕಾಣದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಅಗಸೆ ಬೀಜದ ಜೆಲ್ ಹಚ್ಚಿ ಟ್ವಿಸ್ಟ್ ಹಾಕಿದರೆ ಬಿಚ್ಚುವಾಗ ಬಿಳಿ ಪುಡಿ ಉದುರುತ್ತದೆ. ತಲೆಹೊಟ್ಟು ಅಂತ ಆಫೀಸಿನಲ್ಲಿ ನಗುತ್ತಾರೆ. (ಗೌರಿಬಿದನೂರು)

ಉತ್ತರ: ಜೆಲ್ ಜಾಸ್ತಿ ಆಗಿದೆ, ಅಥವಾ ಕೆಳಗೆ ಹಚ್ಚಿದ ಕ್ರೀಮಿಗೂ ಅದಕ್ಕೂ ಹೊಂದಿಲ್ಲ. ಅಂಗೈಯಲ್ಲಿ ಎರಡನ್ನೂ ಚೂರು ಬೆರೆಸಿ ಉಜ್ಜಿ ನೋಡಿ, ಅಲ್ಲೇ ಉಂಡೆ ಉಂಡೆ ಆದರೆ ತಲೆಯಲ್ಲೂ ಅದೇ ಆಗುತ್ತದೆ. ಕಾಲು ಲೋಟ ಅಗಸೆಗೆ ಎರಡು ಲೋಟ ನೀರು, ಮೊಟ್ಟೆಯ ಬಿಳಿ ಲೋಳೆಯ ಹದ ಬಂದ ಕೂಡಲೇ ಇಳಿಸಿ ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ. ಆರಿದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ, ನಾನು ಒಂದು ದುಪಟ್ಟಾ ಕಳೆದುಕೊಂಡಿದ್ದೇನೆ. ಫ್ರಿಜ್ಜಿನಲ್ಲಿ ಒಂದು ವಾರ ಇಡಿ, ವಾಸನೆ ಬಂದರೆ ಚೆಲ್ಲಿ.

ಪ್ರಶ್ನೆ: ನಾನು ಹುಡುಗ, 22 ವರ್ಷ, ಚಿಕ್ಕಬಳ್ಳಾಪುರ. ನೆಟ್ಟಗಿನ ಕೂದಲು, ಮೂರು ಇಂಚು ಇದೆ. ಫುಟ್‌ಬಾಲ್ ಆಟಗಾರರ ಥರ ಟ್ವಿಸ್ಟ್ ಬೇಕು. ಅಪ್ಪ ಬೈತಾರೆ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ಉತ್ತರ: ಅಪ್ಪನನ್ನು ನೋಡಿಕೊಳ್ಳಬಹುದಪ್ಪಾ, ಕೂದಲನ್ನು ನೋಡಿಕೊಳ್ಳುವುದು ಕಷ್ಟ. ಸುರುಳಿ ಕೂದಲಲ್ಲಿ ಎಳೆಗೆ ಎಳೆ ಕಚ್ಚಿಕೊಂಡು ಟ್ವಿಸ್ಟ್ ನಿಲ್ಲುತ್ತದೆ, ನೆಟ್ಟಗಿನ ಕೂದಲು ಜಾರಿ ಸಂಜೆಯೊಳಗೆ ಬಿಚ್ಚಿಹೋಗುತ್ತದೆ. ನಿಲ್ಲಿಸಲು ಅಂಟು, ರಬ್ಬರ್ ಬ್ಯಾಂಡ್ ಅಂತ ಹೋದರೆ ಕಿತ್ತು ಬರುತ್ತದೆ. ಒಂದು ದಿನದ ಅಲೆ ಸಾಕು ಅಂದರೆ ರಾತ್ರಿ ಒದ್ದೆ ಕೂದಲಿಗೆ ಹಾಕಿ ಮಲಗಿ ಬೆಳಗ್ಗೆ ಬಿಚ್ಚು. ಇನ್ನೊಂದು, ದಿಂಬಿಗೆ ಕಾಟನ್ ಕವರ್ ಬೇಡ, ಅದು ಕೂದಲನ್ನು ಉಜ್ಜಿ ಕೆದರಿಸುತ್ತದೆ. ಶಿಡ್ಲಘಟ್ಟದ ಪಕ್ಕದಲ್ಲಿದ್ದುಕೊಂಡು ರೇಷ್ಮೆಗೆ ಬರವೇ? ಅಮ್ಮನ ಹಳೇ ಸೀರೆಯ ತುಂಡೊಂದನ್ನು ಕೇಳಿ ಹೊದಿಸಿಕೋ. ಕೇಳಿ ತಗೋ, ಸುಮ್ನೆ ಕತ್ತರಿಸಿದರೆ ಬೈಯುವವರು ಇಬ್ಬರಾಗುತ್ತಾರೆ.